ಬ್ರೇಕಿಗೆ ಸೊನ್ನೆ ತೋರಿಸುವ ಕೆಲಸ: ಸ್ಕ್ಯಾನ್ ಟೂಲ್‌ನಲ್ಲಿ ಕ್ಯಾಲಿಬ್ರೇಷನ್ ಹೇಗೆ ನಡೆಯುತ್ತದೆ?

ಪ್ಯಾಡ್ ಹೊಸದು. ಡಿಸ್ಕ್ ಹೊಸದು. ಬ್ರೇಕ್ ಆಯಿಲ್ ಕೂಡ ಬದಲಾಗಿದೆ. ಆದರೂ ಡ್ಯಾಶ್‌ಬೋರ್ಡಿನ ಹಳದಿ ದೀಪ ಆರುವುದಿಲ್ಲ. ಪಾರ್ಕಿಂಗ್ ಬ್ರೇಕಿನ ಬಟನ್ ಒತ್ತಿದರೆ ಮೋಟಾರು ಗುರ್ ಎಂದು ಅರ್ಧಕ್ಕೇ ನಿಲ್ಲುತ್ತದೆ. ಬೋಲ್ಟು, ಪೈಪು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಲ್ಲ ಸರಿಯಾಗಿಯೇ ಕೂತಿವೆ. ಆದರೆ ಏನು ಬದಲಾಗಿದೆ ಅನ್ನುವುದು ಕಾರಿನ ಕಂಪ್ಯೂಟರಿಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಗೊತ್ತು ಮಾಡಿಸುವ ಕೆಲಸವೇ ಕ್ಯಾಲಿಬ್ರೇಷನ್. ಅದಕ್ಕೆ ಬೇಕಾದದ್ದು ಸ್ಕ್ಯಾನ್ ಟೂಲ್, ಅಂದರೆ ಕಾರಿಗೆ ಸಿಕ್ಕಿಸಿ ಅದರ ಕಂಪ್ಯೂಟರ್ ಜೊತೆ ಮಾತಾಡುವ ಉಪಕರಣ.

ಈಗಿನ ಕಾರಿನ ಬ್ರೇಕ್ ಅಂದರೆ ಆಯಿಲ್, ಪಿಸ್ಟನ್, ಪ್ಯಾಡ್ ಅಷ್ಟೇ ಆಗಿ ಉಳಿದಿಲ್ಲ. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂತು. 1995ರಲ್ಲಿ ಕಾರು ಅಡ್ಡ ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಬಂತು. ಆಮೇಲೆ ಹ್ಯಾಂಡ್‌ಬ್ರೇಕಿನ ಲಿವರ್ ಹೋಗಿ ಒಂದು ಬಟನ್ ಬಂತು. ಇವತ್ತು ಎಷ್ಟೋ ಕಾರುಗಳಲ್ಲಿ ಯಾವ ಚಕ್ರಕ್ಕೆ ಎಷ್ಟು ಬ್ರೇಕ್ ಹಾಕಬೇಕು ಅಂತ ತೀರ್ಮಾನಿಸುವುದು ಕಂಪ್ಯೂಟರ್. ಅದು ತೀರ್ಮಾನಿಸುವುದು ಸೆನ್ಸರ್‌ಗಳು ಕೊಡುವ ಲೆಕ್ಕದ ಮೇಲೆ. ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ಎಷ್ಟು ವೇಗವಾಗಿ ದಿಕ್ಕು ಬದಲಿಸುತ್ತಿದೆ, ಪಕ್ಕಕ್ಕೆ ಎಷ್ಟು ಜೋರಾಗಿ ಎಳೆಯುತ್ತಿದೆ, ಆಯಿಲ್ ಒತ್ತಡ ಎಷ್ಟು, ಪೆಡಲ್ ಎಷ್ಟು ಕೆಳಗಿದೆ.

ಈ ಪ್ರತಿಯೊಂದು ಸೆನ್ಸರಿಗೂ ಒಂದು ಸೊನ್ನೆ ಬೇಕು. ಎಲ್ಲಿಂದ ಅಳೆಯಬೇಕು ಅಂತ ಗೊತ್ತಿರಬೇಕು. ತಕ್ಕಡಿ ಮೇಲೆ ಖಾಲಿ ಪಾತ್ರೆ ಇಟ್ಟು ಸೊನ್ನೆ ಬಟನ್ ಒತ್ತುತ್ತೇವಲ್ಲ, ಅದೇ ಕೆಲಸ ಇದು. ಆ ಹೊತ್ತಿಗೆ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಉಳಿದಿದ್ದರೆ ಆಮೇಲಿನ ಪ್ರತಿ ತೂಕವೂ ಅಷ್ಟು ತಪ್ಪು. ತಕ್ಕಡಿ ಕೆಟ್ಟಿಲ್ಲ, ಆದರೂ ತೂಕ ತಪ್ಪು.

ನಾನು ಈ ಲೇಖನದಲ್ಲಿ ಒತ್ತಿ ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಸ್ಕ್ಯಾನ್ ಟೂಲ್ ಸರಿ ತಪ್ಪು ನೋಡುವುದಿಲ್ಲ. ನೀವು ಬಟನ್ ಒತ್ತಿದ ಹೊತ್ತಿಗೆ ಕಾರು ಹೇಗಿದೆಯೋ ಅದನ್ನೇ ಸೊನ್ನೆ ಅಂತ ಒಪ್ಪಿಕೊಳ್ಳುತ್ತದೆ. ಹಾಗಾಗಿ ಬಟನ್ ಒತ್ತುವುದಕ್ಕಿಂತ ಅದಕ್ಕೂ ಮುಂಚಿನ ತಯಾರಿಯೇ ಮುಖ್ಯ.

ಮೊದಲು ಸ್ಕ್ಯಾನ್ ಟೂಲ್ ಬಗ್ಗೆ ಎರಡು ಮಾತು. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಒಬಿಡಿ ಪೋರ್ಟ್. ಅಮೆರಿಕದಲ್ಲಿ 1996ರಿಂದ ಮಾರಾಟವಾಗುವ ಕಾರುಗಳಿಗೆ ಒಬಿಡಿ-2 ಕಡ್ಡಾಯವಾಯಿತು. ಆದರೆ ಆ ನಿಯಮದ ಉದ್ದೇಶ ಹೊಗೆ ಮಾಲಿನ್ಯದ ನಿಯಂತ್ರಣ. ಅದಕ್ಕೇ ಅಗ್ಗದ ಕೋಡ್ ರೀಡರ್‌ಗಳು ಇಂಜಿನ್ ಕೋಡ್ (ದೋಷದ ಸಂಕೇತ) ಮಾತ್ರ ಓದಿ ಸುಮ್ಮನಾಗುತ್ತವೆ. ಬ್ರೇಕ್ ಮಾಡ್ಯೂಲ್ (ಬ್ರೇಕ್ ನೋಡಿಕೊಳ್ಳುವ ಕಂಪ್ಯೂಟರ್) ಜೊತೆ ಮಾತಾಡುವ ಭಾಷೆ ಒಂದೊಂದು ಕಂಪನಿಯದ್ದು ಒಂದೊಂದು ಥರ. ಕ್ಯಾಲಿಬ್ರೇಷನ್ ಮಾಡಬೇಕು ಅಂದರೆ ಓದುವುದು ಮಾತ್ರವಲ್ಲ, ಆಜ್ಞೆ ಕೊಡಲೂ ಬರುವ ಟೂಲ್ ಬೇಕು. ನಿಮ್ಮ ಕಾರಿನ ಮಾಡೆಲ್, ವರ್ಷ, ಬ್ರೇಕ್ ಮಾಡ್ಯೂಲ್ ಮೂರಕ್ಕೂ ಅದು ಹೊಂದಬೇಕು. ಕೊಳ್ಳುವ ಮುಂಚೆ ನೋಡಬೇಕಾದ್ದು ಇದನ್ನೇ.

ಮೆನು ತೆರೆದರೆ ಹೆಸರುಗಳ ಗೊಂದಲ ಶುರು. ಒಂದು ಕಂಪನಿ ಬೇಸಿಕ್ ಸೆಟ್ಟಿಂಗ್ ಅನ್ನುತ್ತದೆ, ಇನ್ನೊಂದು ಅಡಾಪ್ಟೇಷನ್, ಮತ್ತೊಂದು ಲರ್ನಿಂಗ್, ಮಗದೊಂದು ಝೀರೋ ಪಾಯಿಂಟ್. ಹೆಚ್ಚುಕಮ್ಮಿ ಎಲ್ಲವೂ ಒಂದೇ ಜಾತಿಯ ಕೆಲಸ. ಆದರೆ ಕೋಡಿಂಗ್ ಬೇರೆ. ಹೊಸ ಮಾಡ್ಯೂಲಿಗೆ ಇದು ಯಾವ ಕಾರು, ಏನೇನು ಸೌಲಭ್ಯ ಇದೆ ಅಂತ ಬರೆದುಕೊಡುವುದು ಕೋಡಿಂಗ್. ಕೋಡ್ ಅಳಿಸುವುದು ಇನ್ನೂ ಬೇರೆ. ಅದು ದೂರಿನ ಪಟ್ಟಿಯನ್ನು ಒರೆಸುತ್ತದೆ ಅಷ್ಟೇ. ಕಾರಣ ಹಾಗೇ ಇದ್ದರೆ ಕೋಡ್ ವಾಪಸ್ ಬರುತ್ತದೆ.

ಈಗ ಜನರಿಗೆ ಜಾಸ್ತಿ ಎದುರಾಗುವ ಕೆಲಸಕ್ಕೆ ಬರೋಣ: ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನ ಹಿಂದಿನ ಪ್ಯಾಡ್ ಬದಲಿಸುವುದು.

ಈ ಬ್ರೇಕ್ ಎರಡು ಥರ ಇದೆ. ಹಳೆಯದರಲ್ಲಿ ಒಂದು ಮೋಟಾರು ಕೇಬಲ್ ಎಳೆಯುತ್ತದೆ. ಈಗ ಹೆಚ್ಚಾಗಿ ಬರುವುದರಲ್ಲಿ ಹಿಂದಿನ ಎರಡೂ ಕ್ಯಾಲಿಪರ್ ಬೆನ್ನಿಗೆ ಒಂದೊಂದು ಪುಟ್ಟ ಮೋಟಾರು ಇರುತ್ತದೆ. ಆ ಮೋಟಾರು ಗೇರುಗಳ ಮೂಲಕ ಒಂದು ಸ್ಕ್ರೂ ತಿರುಗಿಸುತ್ತದೆ. ಸ್ಕ್ರೂ ಮೇಲೆ ಒಂದು ನಟ್. ಈ ನಟ್ ಪಿಸ್ಟನ್ನಿನ ಒಳಗೇ ಕೂತಿರುತ್ತದೆ. ಬಟನ್ ಒತ್ತಿದಾಗ ನಟ್ ಮುಂದಕ್ಕೆ ಸರಿದು ಪಿಸ್ಟನ್ನನ್ನು ಒಳಗಿನಿಂದ ತಳ್ಳುತ್ತದೆ. ಪಿಸ್ಟನ್ ಪ್ಯಾಡನ್ನು, ಪ್ಯಾಡ್ ಡಿಸ್ಕನ್ನು ಒತ್ತುತ್ತದೆ.

ಸಾಕಷ್ಟು ಒತ್ತಿದೆ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಬಹಳಷ್ಟು ಕಾರುಗಳಲ್ಲಿ ಬಲ ಅಳೆಯುವ ಸೆನ್ಸರ್ ಅಂತ ಪ್ರತ್ಯೇಕವಾಗಿ ಇರುವುದಿಲ್ಲ. ಕಂಪ್ಯೂಟರ್ ಮೋಟಾರು ಎಳೆಯುವ ಕರೆಂಟ್ ನೋಡುತ್ತದೆ. ಮೋಟಾರು ಶುರುವಾದ ಕ್ಷಣ ಕರೆಂಟ್ ಒಮ್ಮೆ ಜಿಗಿಯುತ್ತದೆ. ಆಮೇಲೆ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಯಾಕೆಂದರೆ ನಟ್ ಇನ್ನೂ ಖಾಲಿ ಜಾಗದಲ್ಲಿ ಓಡುತ್ತಿದೆ. ಪ್ಯಾಡ್ ಡಿಸ್ಕಿಗೆ ತಾಗಿದ ಕೂಡಲೇ ಕರೆಂಟ್ ಏರಲು ಶುರು. ಗೊತ್ತುಪಡಿಸಿದ ಮಟ್ಟ ಮುಟ್ಟಿದಾಗ ಮೋಟಾರು ನಿಲ್ಲುತ್ತದೆ. ಹಾಗೇ ಬ್ರೇಕ್ ಬಿಡುವಾಗ ನಟ್ ಎಷ್ಟು ಹಿಂದೆ ಸರಿಯಬೇಕು ಅನ್ನುವ ಲೆಕ್ಕವೂ ಈ ತಾಗುವ ಜಾಗದಿಂದಲೇ.

ಪ್ಯಾಡ್ ಸವೆದಂತೆ ತಾಗುವ ಜಾಗ ನಿಧಾನವಾಗಿ ಮುಂದೆ ಹೋಗುತ್ತದೆ. ಕಂಪ್ಯೂಟರ್ ಅದನ್ನು ದಿನದಿನದ ಬಳಕೆಯಲ್ಲೇ ಹಿಂಬಾಲಿಸುತ್ತದೆ. ಆದರೆ ದಪ್ಪನೆಯ ಹೊಸ ಪ್ಯಾಡ್ ಹಾಕಿದಾಗ ಆ ಜಾಗ ಒಂದೇ ಏಟಿಗೆ ಹಲವು ಮಿಲಿಮೀಟರ್ ಹಿಂದೆ ಬರುತ್ತದೆ. ಕ್ಯಾಲಿಬ್ರೇಷನ್ ಬೇಕಾಗುವುದು ಇದಕ್ಕೆ.

ಕೆಲಸದ ಕ್ರಮ ಹೀಗಿದೆ. ಮೊದಲು ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಟೂಲ್‌ನಲ್ಲಿ ಸರ್ವೀಸ್ ಮೋಡ್ ಆರಿಸಿದರೆ ಮೋಟಾರು ನಟ್ಟನ್ನು ಪೂರ್ತಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಮಾತ್ರ ಪಿಸ್ಟನ್ನನ್ನು ಒಳಗೆ ತಳ್ಳಬಹುದು. ಇಷ್ಟು ಮಾಡದೆ ಕ್ಲಾಂಪ್ ಹಾಕಿ ಒತ್ತಿದರೆ ನಟ್ ಅಡ್ಡ ನಿಂತಿರುತ್ತದೆ. ನಿಮ್ಮ ತೋಳಿನ ಬಲವೆಲ್ಲ ಆ ಸ್ಕ್ರೂ, ಗೇರುಗಳ ಮೇಲೆ ಬೀಳುತ್ತದೆ. ಗೇರ್ ಮುರಿದರೆ ಪ್ಯಾಡ್ ಬದಲಿಸುವ ಚಿಕ್ಕ ಕೆಲಸ ಆಕ್ಚುಯೇಟರ್ (ಮೋಟಾರು, ಗೇರುಗಳ ಜೋಡಣೆ) ಅಥವಾ ಕ್ಯಾಲಿಪರನ್ನೇ ಬದಲಿಸುವ ದೊಡ್ಡ ಕೆಲಸವಾಗುತ್ತದೆ.

ಪ್ಯಾಡ್ ಕೂರಿಸಿ, ಕ್ಯಾಲಿಪರ್ ಬಿಗಿದ ಮೇಲೆ ಒಂದು ಹೆಜ್ಜೆ ಇದೆ, ಅವಸರದಲ್ಲಿ ಬಿಟ್ಟುಹೋಗುವುದು ಅದೇ. ಕಾಲಿನ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಿಧಾನವಾಗಿ ಒತ್ತಿ ಒತ್ತಿ ಬಿಡಬೇಕು. ಪಿಸ್ಟನ್ ತುಂಬಾ ಹಿಂದೆ ಹೋಗಿರುತ್ತದಲ್ಲ, ಅದು ಮುಂದೆ ಬಂದು ಪ್ಯಾಡಿಗೆ ತಾಗಬೇಕು. ತಾಗದೆ ಕ್ಯಾಲಿಬ್ರೇಷನ್ ಶುರು ಮಾಡಿದರೆ ನಟ್ ಖಾಲಿ ಜಾಗದಲ್ಲಿ ಓಡುತ್ತಲೇ ಇರುತ್ತದೆ. ಕರೆಂಟ್ ಏರುವುದೇ ಇಲ್ಲ. ಕಂಪ್ಯೂಟರ್ ಕಾದು ಕಾದು ಎರರ್ ಕೊಡುತ್ತದೆ. ಪ್ಯಾಡೇ ಇಲ್ಲದಾಗ ಮೋಟಾರು ಓಡಿಸಿದರಂತೂ ಪಿಸ್ಟನ್ ಹೊರಗೇ ಬಂದು ಬ್ರೇಕ್ ಆಯಿಲ್ ಚೆಲ್ಲಬಹುದು.

ಪೆಡಲ್ ಗಟ್ಟಿಯಾಯಿತು, ಆಮೇಲೆ ಕ್ಯಾಲಿಬ್ರೇಷನ್ ಒತ್ತಿ. ಮೋಟಾರು ಬಿಗಿಯುತ್ತದೆ, ಬಿಡುತ್ತದೆ. ಕೆಲವು ಕಾರುಗಳಲ್ಲಿ ಇದೇ ಆಟ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಥರದ ಸದ್ದು ಬರುತ್ತಿದೆಯಾ ಅಂತ ಕಿವಿಗೊಟ್ಟು ಕೇಳಿ. ಒಂದು ಕಡೆ ಜಾಸ್ತಿ ಹೊತ್ತು ಓಡಿದರೆ ಆ ಕಡೆಯ ಪ್ಯಾಡ್ ಸರಿಯಾಗಿ ಕೂತಿಲ್ಲದೆ ಇರಬಹುದು, ಇಲ್ಲವೇ ಕ್ಯಾಲಿಪರ್ ಜಾರುವ ಗೈಡ್ ಪಿನ್ ಹಿಡಿದುಕೊಂಡಿರಬಹುದು. ಟೂಲ್ ಪರದೆ ಎರಡಕ್ಕೂ ಯಶಸ್ವಿ ಅಂತ ತೋರಿಸಿದರೂ ಕಿವಿಗೆ ಈ ವ್ಯತ್ಯಾಸ ಸಿಗುತ್ತದೆ.

ಕೆಲವು ಕಾರುಗಳಲ್ಲಿ ಟೂಲ್ ಇಲ್ಲದೆ, ಪೆಡಲ್ ಮತ್ತು ಬಟನ್‌ಗಳನ್ನು ಒಂದು ಕ್ರಮದಲ್ಲಿ ಒತ್ತಿಯೂ ಸರ್ವೀಸ್ ಮೋಡಿಗೆ ಹೋಗಬಹುದು. ಆ ಕ್ರಮ ಆಯಾ ಕಾರಿನ ಸರ್ವೀಸ್ ಮ್ಯಾನುಯಲ್‌ನಲ್ಲಿ ಇದ್ದರೆ ಮಾತ್ರ ನಂಬಿ.

ಬೆರಳುಗಳ ಬಗ್ಗೆಯೂ ಹೇಳಲೇಬೇಕು. ಕ್ಯಾಲಿಪರ್ ಒಳಗೆ ಕೈ ಇರುವಾಗ ಇನ್ನೊಬ್ಬರು ಬಂದು ಬಟನ್ ಒತ್ತಿದರೆ ಮೋಟಾರಿಗೆ ಅದು ಬೆರಳು ಅಂತ ತಿಳಿಯುವುದಿಲ್ಲ. ಕೀಲಿಯನ್ನು ಕಾರಿನಿಂದ ದೂರ ಇಡಿ. ಮರ್ಸಿಡಿಸ್ 2001ರಲ್ಲಿ ತಂದ ಸೆನ್ಸೊಟ್ರಾನಿಕ್ ಬ್ರೇಕ್ ಇನ್ನೂ ಅಪಾಯಕಾರಿ. ಅದರ ಒಳಗೆ ನೂರು ಬಾರ್‌ಗಿಂತ ಹೆಚ್ಚು ಒತ್ತಡದಲ್ಲಿ ಆಯಿಲ್ ಶೇಖರವಾಗಿರುತ್ತದೆ. ಬಾಗಿಲು ತೆರೆದರೂ ಸಾಕು, ಅದು ಎಚ್ಚರಗೊಂಡು ಬ್ರೇಕ್ ಒತ್ತಿಬಿಡಬಹುದು. ಟೂಲ್‌ನಿಂದ ಅದನ್ನು ನಿಷ್ಕ್ರಿಯ ಮಾಡದೆ ಕ್ಯಾಲಿಪರ್ ಮುಟ್ಟಲೇಬಾರದು.

ಪಾರ್ಕಿಂಗ್ ಬ್ರೇಕಿನ ತಪ್ಪು ಕೂಡಲೇ ಗೊತ್ತಾಗುತ್ತದೆ. ಸ್ಟೆಬಿಲಿಟಿ ಕಂಟ್ರೋಲಿನ ಸೆನ್ಸರ್‌ಗಳ ತಪ್ಪು ಹಾಗಲ್ಲ. ಅದು ಅಡಗಿ ಕೂರುತ್ತದೆ. ಒದ್ದೆ ರಸ್ತೆಯಲ್ಲಿ ಜೋರಾಗಿ ತಿರುಗಿಸಿದ ದಿನ ಹೊರಗೆ ಬರುತ್ತದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಗಮನ ಜಾಸ್ತಿ ಬೇಕಿರುವುದು ಇಲ್ಲೇ.

ಸ್ಟೆಬಿಲಿಟಿ ಕಂಟ್ರೋಲ್ ಸದಾ ಎರಡು ಪ್ರಶ್ನೆ ಹೋಲಿಸುತ್ತಿರುತ್ತದೆ. ಚಾಲಕ ಎಲ್ಲಿಗೆ ಹೋಗಬೇಕು ಅನ್ನುತ್ತಿದ್ದಾನೆ? ಕಾರು ನಿಜವಾಗಿ ಎಲ್ಲಿಗೆ ಹೋಗುತ್ತಿದೆ? ಮೊದಲನೆಯದಕ್ಕೆ ಉತ್ತರ ಸ್ಟೀರಿಂಗ್ ಆ್ಯಂಗಲ್ ಸೆನ್ಸರಿನಿಂದ ಬರುತ್ತದೆ. ಎರಡನೆಯದಕ್ಕೆ ‘ಯಾ’ (yaw) ಸೆನ್ಸರ್ ಉತ್ತರ ಕೊಡುತ್ತದೆ, ಅಂದರೆ ಕಾರು ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತಿದೆ ಅಂತ ಅಳೆಯುವ ಸೆನ್ಸರ್. ಜೊತೆಗೆ ಪಕ್ಕದ ಎಳೆತ ಅಳೆಯುವ ಸೆನ್ಸರ್ ಇರುತ್ತದೆ. ಎರಡು ಉತ್ತರಗಳೂ ಹೊಂದದೆ ಹೋದರೆ ಕಾರು ಜಾರುತ್ತಿದೆ ಅಂತ ತಿಳಿದು ಕಂಪ್ಯೂಟರ್ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ.

ಸ್ಟೀರಿಂಗ್ ಸೊನ್ನೆ ತಪ್ಪಿದರೆ ಏನಾಗುತ್ತದೆ ನೋಡಿ. ಸಾಮಾನ್ಯ ಕಾರಿನಲ್ಲಿ ಸ್ಟೀರಿಂಗ್ ಸುಮಾರು 15 ಡಿಗ್ರಿ ತಿರುಗಿದರೆ ಮುಂದಿನ ಚಕ್ರ ಸುಮಾರು 1 ಡಿಗ್ರಿ ತಿರುಗುತ್ತದೆ. 1 ಡಿಗ್ರಿ ಅಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರ 1 ಡಿಗ್ರಿ ತಿರುಗಿದರೆ ಕಾರು ಸೆಕೆಂಡಿಗೆ ಹಲವು ಡಿಗ್ರಿ ದಿಕ್ಕು ಬದಲಿಸಬೇಕು. ಕಾರು ನೇರವಾಗಿ ಹೋಗುತ್ತಿದೆ, ಸೆನ್ಸರ್ ಮಾತ್ರ 15 ಡಿಗ್ರಿ ತಿರುಗಿದೆ ಅನ್ನುತ್ತಿದೆ. ಕಂಪ್ಯೂಟರ್ ಯಾರನ್ನು ನಂಬಬೇಕು? ಒಳ್ಳೆಯ ಸಿಸ್ಟಮ್‌ಗಳು ನೇರ ಓಟದಲ್ಲಿ ಚಿಕ್ಕ ತಪ್ಪನ್ನು ತಾವೇ ಸರಿಮಾಡಿಕೊಳ್ಳುತ್ತವೆ. ತಪ್ಪು ದೊಡ್ಡದಾದರೆ ದೀಪ ಹಚ್ಚಿ, ಸ್ಟೆಬಿಲಿಟಿ ಕಂಟ್ರೋಲನ್ನು ಬಂದ್ ಮಾಡುತ್ತವೆ. ನಡುವಿನ ತಪ್ಪಿನಲ್ಲಿ ಒಂದು ಕಡೆಯ ತಿರುವಿನಲ್ಲಿ ಬ್ರೇಕ್ ಬೇಗ ಹಿಡಿಯಬಹುದು, ಇನ್ನೊಂದು ಕಡೆ ತಡವಾಗಿ ಹಿಡಿಯಬಹುದು.

ವೀಲ್ ಅಲೈನ್‌ಮೆಂಟ್ ಆದ ಮೇಲೆ, ಸ್ಟೀರಿಂಗ್ ರ‍್ಯಾಕ್ ಬದಲಿಸಿದ ಮೇಲೆ, ಸ್ಟೀರಿಂಗ್ ಬಿಚ್ಚಿ ಹಾಕಿದ ಮೇಲೆ ಈ ಸೊನ್ನೆಯನ್ನು ನೋಡಲೇಬೇಕು. ಆದರೆ ಕ್ರಮ ತಪ್ಪಬಾರದು. ಮೊದಲು ಅಲೈನ್‌ಮೆಂಟ್, ಆಮೇಲೆ ಸೊನ್ನೆ. ಕಾರು ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟ ಇದೆ ಅಂತಿಟ್ಟುಕೊಳ್ಳಿ. ಅದೇ ಸ್ಥಿತಿಯಲ್ಲಿ ಸೊನ್ನೆ ಮಾಡಿದರೆ ದೀಪ ಆರುತ್ತದೆ, ಗ್ರಾಹಕರು ಖುಷಿಯಾಗುತ್ತಾರೆ. ಆದರೆ ಸೊಟ್ಟಕ್ಕೆ ಕಾರಣ ಹಿಂದಿನ ಚಕ್ರದ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿರುವುದಾದರೆ ಅದು ಹಾಗೇ ಉಳಿಯುತ್ತದೆ. ಇಂಥ ಕಡೆ ಕ್ಯಾಲಿಬ್ರೇಷನ್ ಅಂದರೆ ರೋಗ ಮುಚ್ಚಿಡುವುದು. ದಯವಿಟ್ಟು ಹಾಗೆ ಮಾಡಬೇಡಿ.

ಯಾ ಸೆನ್ಸರ್ ಮತ್ತು ಎಳೆತದ ಸೆನ್ಸರಿಗೆ ಸೊನ್ನೆ ತೋರಿಸುವಾಗ ನೆಲ ಸಮವಾಗಿರಬೇಕು. ಎಷ್ಟು ಸಮ? ಲೆಕ್ಕ ಹಾಕಿ ನೋಡೋಣ. ಎಡ ಚಕ್ರಕ್ಕೂ ಬಲ ಚಕ್ರಕ್ಕೂ ನಡುವೆ ಒಂದೂವರೆ ಮೀಟರ್ ಅಂತರ ಇದೆ ಅನ್ನಿ. ಒಂದು ಕಡೆ 26 ಮಿಲಿಮೀಟರ್ ಎತ್ತರ ಇದ್ದರೆ ಕಾರು 1 ಡಿಗ್ರಿ ವಾಲುತ್ತದೆ. ಕಣ್ಣಿಗೆ ಇದು ಕಾಣುವುದೇ ಇಲ್ಲ. ನೀರು ಹರಿದುಹೋಗಲಿ ಅಂತ ಇಳಿಜಾರು ಕೊಟ್ಟ ನೆಲದಲ್ಲಿ ಇಷ್ಟು ಸಾಮಾನ್ಯ. ಆದರೆ ಸೆನ್ಸರಿಗೆ ಗುರುತ್ವದ ಒಂದು ಚೂರು ಪಕ್ಕದ ಎಳೆತವಾಗಿ ಕಾಣುತ್ತದೆ, ಸುಮಾರು 0.17 ಮೀಟರ್ ಪ್ರತಿ ಸೆಕೆಂಡ್ ವರ್ಗ. 3 ಡಿಗ್ರಿ ವಾಲಿದರೆ ಅದು 0.5 ದಾಟುತ್ತದೆ. ಒಣ ರಸ್ತೆಯಲ್ಲಿ ಕಾರು ಜಾರದೆ ತಡೆಯುವ ಎಳೆತ 8ರ ಆಸುಪಾಸು ಇರುವುದರಿಂದ ಇದು ಸಣ್ಣದು. ಹಿಮಗಟ್ಟಿದ ರಸ್ತೆಯಲ್ಲಿ ಆ ಮಿತಿ 1ರ ಹತ್ತಿರಕ್ಕೆ ಇಳಿಯುತ್ತದೆ. ಅಲ್ಲಿ ಅರ್ಧದಷ್ಟು ತಪ್ಪು ಅಂದರೆ ಹುಡುಗಾಟವಲ್ಲ, ಅಲ್ವಾ?

ಹಿಂದೆ ಮುಂದೆ ವಾಲಿದ ನೆಲದ ತೊಂದರೆ ಇನ್ನೊಂದು ಥರ. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಸೌಲಭ್ಯಕ್ಕೆ ಏರು ಎಷ್ಟಿದೆ ಅಂತ ತಿಳಿಯುವುದು ಮುಂದಕ್ಕೆ ಹಿಂದಕ್ಕೆ ಎಳೆತ ಅಳೆಯುವ ಸೆನ್ಸರಿನಿಂದ. ಇಳಿಜಾರಿನಲ್ಲಿ ನಿಲ್ಲಿಸಿ ಕ್ಯಾಲಿಬ್ರೇಷನ್ ಮಾಡಿದರೆ ಆ ಇಳಿಜಾರನ್ನೇ ಅದು ಸಮತಟ್ಟು ಅಂತ ಕಲಿಯುತ್ತದೆ. ಆಮೇಲೆ ಏರಿನಲ್ಲಿ ಹಿಡಿಯಬೇಕಾದಾಗ ಹಿಡಿಯುವುದಿಲ್ಲ, ಬೇಡದಾಗ ಹಿಡಿಯುತ್ತದೆ.

ಹಾಗಾಗಿ ಒಂದು ಉದ್ದನೆಯ ಸ್ಪಿರಿಟ್ ಲೆವೆಲ್ ತಂದು ನೆಲ ಅಳೆಯಿರಿ. ನಾಲ್ಕೂ ಟಯರಿನ ಗಾಳಿ ಸರಿಯಾಗಿರಲಿ. ಡಿಕ್ಕಿಯಲ್ಲಿ ಭಾರ ಇದ್ದರೆ ಇಳಿಸಿ. ಕ್ಯಾಲಿಬ್ರೇಷನ್ ನಡೆಯುವಾಗ ಕಾರಿನೊಳಗೆ ಕೂತು ಕದಲಬೇಡಿ, ಬಾಗಿಲು ಬಡಿಯಬೇಡಿ, ಸ್ಟೀರಿಂಗ್ ಮುಟ್ಟಬೇಡಿ. ಆಯಿಲ್ ಒತ್ತಡದ ಸೆನ್ಸರಿಗೆ ಸೊನ್ನೆ ತೋರಿಸುವಾಗ ಪೆಡಲ್ ಮೇಲೆ ಕಾಲು ಇರಲೇಬಾರದು. ಅಭ್ಯಾಸಬಲದಿಂದ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ, ಗಮನವಿರಲಿ.

ಇನ್ನು ಬ್ಯಾಟರಿ. ಇಗ್ನಿಷನ್ ಆನ್ ಇಟ್ಟು ಇಂಜಿನ್ ಆಫ್ ಇರುವಾಗ ಹತ್ತಾರು ಮಾಡ್ಯೂಲ್‌ಗಳು ಎಚ್ಚರವಾಗಿರುತ್ತವೆ. ಅದರ ಮೇಲೆ ಎಬಿಎಸ್ ಪಂಪು ಓಡಿದರೆ ವೋಲ್ಟೇಜ್ ಸರ್ರನೆ ಇಳಿಯುತ್ತದೆ. ನಡುವೆ ಕೆಲಸ ನಿಂತರೆ ಹಳೆಯ ಸೊನ್ನೆಯೂ ಹೋಗಿ, ಹೊಸದೂ ಸಿಗದೆ ಇರಬಹುದು. ಟೊಯೊಟಾ ಕಾರುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಮೊದಲು ಹಳೆಯ ನೆನಪು ಅಳಿಸಬೇಕು, ಆಮೇಲೆ ಹೊಸ ಸೊನ್ನೆ ಕಲಿಸಬೇಕು. ಅಳಿಸಿ ಅಲ್ಲಿಗೇ ಬಿಟ್ಟರೆ ಸಿ1210, ಸಿ1336 ಕೋಡ್‌ಗಳು ಬರುತ್ತವೆ. ಅವುಗಳ ಅರ್ಥ ಸೆನ್ಸರ್ ಹಾಳಾಗಿದೆ ಅಂತಲ್ಲ, ಸೊನ್ನೆ ಕಲಿಸುವುದು ಬಾಕಿ ಇದೆ ಅಂತ. ಇದು ಗೊತ್ತಿಲ್ಲದೆ ಒಳ್ಳೆಯ ಸೆನ್ಸರನ್ನೇ ಬದಲಿಸಿದರೆ ದುಡ್ಡು ದಂಡ. ಕೆಲಸ ಮುಗಿಯುವವರೆಗೂ ವೋಲ್ಟೇಜ್ ಸ್ಥಿರವಾಗಿಡುವ ಪವರ್ ಸಪ್ಲೈ ಸಿಕ್ಕಿಸಿಡಿ. ಲೈಟು, ಎಸಿ ಆಫ್ ಇರಲಿ.

ಹೈಬ್ರಿಡ್ ಕಾರುಗಳ ಬ್ರೇಕಿನಲ್ಲಿ ಇನ್ನೂ ಒಂದು ಪದರ ಇದೆ. ಅಲ್ಲಿ ಸಾಮಾನ್ಯವಾಗಿ ಪೆಡಲ್ ಒತ್ತಿದ ಬಲ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಪೆಡಲ್ ಎಷ್ಟು ಇಳಿಯಿತು ಅಂತ ಅಳೆದು, ಎಷ್ಟು ಭಾಗ ಮೋಟಾರಿನಿಂದ, ಎಷ್ಟು ಭಾಗ ಆಯಿಲ್‌ನಿಂದ ಅಂತ ಕಂಪ್ಯೂಟರ್ ಹಂಚುತ್ತದೆ. ಆಯಿಲ್ ಒತ್ತಡವನ್ನು ಹದವಾಗಿ ಬಿಡುವ ವಾಲ್ವ್‌ಗಳು ಒಂದೊಂದೂ ಒಂದಿಷ್ಟು ಬೇರೆ. ಎಷ್ಟು ಕರೆಂಟಿಗೆ ಎಷ್ಟು ತೆರೆಯುತ್ತದೆ ಅಂತ ಕಲಿಸಬೇಕು. ಟೊಯೊಟಾದಲ್ಲಿ ಇದು ಬಾಕಿ ಉಳಿದರೆ ಸಿ1345 ಬರುತ್ತದೆ. ಬ್ರೇಕ್ ಆಕ್ಚುಯೇಟರ್ (ಆ ವಾಲ್ವ್‌ಗಳಿರುವ ಘಟಕ) ಅಥವಾ ಅದರ ಕಂಪ್ಯೂಟರ್ ಬದಲಿಸಿದ ಮೇಲೆ ಈ ಕೆಲಸ ತಪ್ಪಿದ್ದಲ್ಲ.

ಎಬಿಎಸ್ ಬ್ಲೀಡಿಂಗ್, ಅಂದರೆ ಆಯಿಲ್ ಒಳಗೆ ಸೇರಿದ ಗಾಳಿ ತೆಗೆಯುವುದು, ನಿಜಕ್ಕೂ ಕ್ಯಾಲಿಬ್ರೇಷನ್ ಅಲ್ಲ. ಆದರೆ ಅದೇ ಮೆನುವಿನಲ್ಲಿ ಇರುತ್ತದೆ. ಸ್ಟೆಬಿಲಿಟಿ ಕಂಟ್ರೋಲ್ ಇರುವ ಕಾರಿನ ವಾಲ್ವ್ ಬ್ಲಾಕಿನಲ್ಲಿ ಸಾಮಾನ್ಯವಾಗಿ 12 ವಾಲ್ವ್ ಇರುತ್ತವೆ. ಅದರಲ್ಲಿ ಕೆಲವು ಮಾಮೂಲಿ ಬ್ರೇಕಿಂಗ್‌ನಲ್ಲಿ ತೆರೆಯುವುದೇ ಇಲ್ಲ. ಅವುಗಳ ಹಿಂದೆ ಗಾಳಿ ಸೇರಿಕೊಂಡರೆ ಪೆಡಲ್ ಒತ್ತಿ ತೆಗೆಯಲು ಬರುವುದಿಲ್ಲ. ಒಂದು ದಿನ ಎಬಿಎಸ್ ಕೆಲಸ ಮಾಡಿದಾಗ ಆ ಗಾಳಿ ಹೊರಬಂದು ಪೆಡಲ್ ಮೆತ್ತಗಾಗುತ್ತದೆ. ಸ್ಕ್ಯಾನ್ ಟೂಲ್ ಆ ವಾಲ್ವ್‌ಗಳನ್ನು ತೆರೆದು ಪಂಪ್ ಓಡಿಸುತ್ತದೆ. ಆ ಹೊತ್ತಿನಲ್ಲಿ ಡಬ್ಬಿಯ ಆಯಿಲ್ ಕೆಳಗಿಳಿಯದಂತೆ ತುಂಬಿಸುತ್ತಲೇ ಇರಬೇಕು. ವಾಲ್ವ್ ಬ್ಲಾಕ್ ಬದಲಿಸಿದಾಗ, ಇಲ್ಲವೇ ಆಯಿಲ್ ಪೂರ್ತಿ ಖಾಲಿಯಾದಾಗ ಇದು ಬೇಕು. ಮಾಮೂಲಿ ಆಯಿಲ್ ಬದಲಿಸುವುದಕ್ಕೆ ಬಹುತೇಕ ಕಾರುಗಳಲ್ಲಿ ಬೇಡ.

ಹಾಗೇ ಬೇಡದ ಕ್ಯಾಲಿಬ್ರೇಷನ್‌ಗಳನ್ನು ಸುಮ್ನೆ ಮಾಡಬೇಡಿ. ಮುಂದಿನ ಪ್ಯಾಡ್ ಬದಲಿಸಿದ್ದಕ್ಕೆ ಯಾ ಸೆನ್ಸರಿನ ಸೊನ್ನೆ ಮುಟ್ಟುವ ಅಗತ್ಯವಿಲ್ಲ. ಟೂಲ್‌ನಲ್ಲಿ ಬಟನ್ ಇದೆ ಅನ್ನುವುದು ಅದನ್ನು ಒತ್ತಲು ಕಾರಣವಲ್ಲ.

ಏನು ಬೇಕು ಅಂತ ಹೇಳುವುದು ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಕೊಡುತ್ತಿರುವ ಅಂಕಿಗಳು. ಕ್ಯಾಲಿಬ್ರೇಷನ್‌ಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಅದನ್ನು ನೋಡಿ. ಕಾರು ನಿಂತಿದೆ, ಸ್ಟೀರಿಂಗ್ ನೇರ ಇದೆ, ಪೆಡಲ್ ಮೇಲೆ ಕಾಲಿಲ್ಲ. ಆಗ ಸ್ಟೀರಿಂಗ್ ಕೋನ, ತಿರುಗುವ ವೇಗ, ಪಕ್ಕದ ಎಳೆತ, ಆಯಿಲ್ ಒತ್ತಡ ಎಲ್ಲವೂ ಸೊನ್ನೆಯ ಹತ್ತಿರವೇ ಇರಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಒಬ್ಬರು ಓಡಿಸಲಿ, ಇನ್ನೊಬ್ಬರು ಪರದೆ ನೋಡಲಿ. ನೇರ ಹೋಗುವಾಗ ನಾಲ್ಕೂ ಚಕ್ರದ ವೇಗ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು ಚಕ್ರ ಸದಾ ಬೇರೆ ತೋರಿಸಿದರೆ ಟಯರ್ ಅಳತೆ, ಸವೆತ, ಗಾಳಿ ನೋಡಿ. ನಡುನಡುವೆ ಅಂಕಿ ಬಿದ್ದುಹೋದರೆ ಆ ಚಕ್ರದ ಸೆನ್ಸರ್ ಮತ್ತು ಅದರ ವೈರ್ ನೋಡಿ. ಎಡಕ್ಕೆ, ಬಲಕ್ಕೆ ಒಂದೇ ವೇಗದಲ್ಲಿ, ಒಂದೇ ಅಳತೆಯಲ್ಲಿ ತಿರುಗಿಸಿದಾಗ ಎರಡೂ ಕಡೆಯ ಅಂಕಿಗಳು ಸಮ ಬರಬೇಕು.

ಕಾರನ್ನು ಗ್ಯಾರೇಜಿಗೆ ಕೊಟ್ಟವರಾದರೆ ಕೆಲಸಕ್ಕೆ ಮುಂಚಿನ ಮತ್ತು ನಂತರದ ಸ್ಕ್ಯಾನ್ ರಿಪೋರ್ಟ್ ಕೇಳಿ ಪಡೆಯಿರಿ. ಮೊದಲನೆಯದರಲ್ಲಿ ಏನೇನು ಕೋಡ್ ಇತ್ತು ಅಂತ ಇರಬೇಕು. ಎರಡನೆಯದು ಟೆಸ್ಟ್ ಡ್ರೈವ್ ಆದ ಮೇಲೆ ತೆಗೆದದ್ದಾಗಿರಬೇಕು. ಕೋಡ್ ಅಳಿಸಿದ ನಿಮಿಷದಲ್ಲೇ ತೆಗೆದ ರಿಪೋರ್ಟಿನಲ್ಲಿ ಎಲ್ಲ ಕಾರುಗಳೂ ಚೆನ್ನಾಗಿಯೇ ಕಾಣುತ್ತವೆ. ಹಲವು ದೋಷಗಳನ್ನು ಕಂಪ್ಯೂಟರ್ ಪತ್ತೆ ಮಾಡುವುದೇ ಕಾರು ಒಂದಿಷ್ಟು ವೇಗ ಹಿಡಿದ ಮೇಲೆ.